ಲೇಡಿ ಅಂದರೆ ಯಾರು

ಯಗಟಿ
ಕ್ರೋಧನ ಸಂವತ್ಸರ, ಭಾದ್ರಪದ ಶುದ್ಧ ದಶಮಿ

ಮೊಮ್ಮಗಳು ಸಾವಿತ್ರಿಗೆ ನಿನ್ನ ಅಜ್ಜಿ ಹುಚ್ಚಮ್ಮ ಮಾಡುವ ಆಶೀರ್ವಾದ. ಇಲ್ಲಿ ದನ ಕರು, ತೆಂಗಿನ ತೋಟ, ಆಳು ಕಾಳು ಎಲ್ಲ ಇದ್ದ ಹಾಗೇ ಇವೆ, ನನ್ನ ಮಂಡಿಯೊಂದು ಬಿಟ್ಟು.

ನೀನು ಕಾಗದ ಹಾಕಿ ತಿಂಗಳ ಮೇಲಾಯಿತು. ಮೈಸೂರಿನಲ್ಲಿ ಶಾಯಿಗೆ ಬರ ಬಂದಿದೆಯೋ, ಇಲ್ಲ ಮೇಡಮ್ಮು ಆಗಲು ಓದುವವರು ಹಳ್ಳಿಗೆ ಕಾಗದ ಬರೆದರೆ ಮರ್ಯಾದೆ ಹೋಗುತ್ತದೋ ತಿಳಿಯದು. ನಾನು ಊರ ಅಯ್ಯನವರ ಜಗಲಿಯ ಮೇಲೆ ಮರಳಿನಲ್ಲಿ ಬೆರಳು ಸವೆಸಿ ಅಕ್ಷರ ಕಲಿತವಳು. ಲಗ್ನವಾದ ಮೇಲೆ ಅದೂ ನಿಂತಿತು. ನನ್ನ ಒತ್ತು ದೀರ್ಘ ನೋಡಿ ಗೆಳತಿಯರ ಜೊತೆ ನಗಬೇಡ. ನಕ್ಕರೂ ನನಗೆ ತಿಳಿಸಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಒಂದು ಇಂಗ್ಲಿಷ್ ಮಾತಿನ ಅರ್ಥ ಬೇಕು.

ಶ್ರಾವಣದಲ್ಲಿ ನಾನೂ ನಿನ್ನ ಅವ್ವನೂ ತರೀಕೆರೆಗೆ ಹೋಗಿದ್ದೆವು, ನನ್ನ ತಂಗಿಯ ಮೊಮ್ಮಗನ ತೊಟ್ಟಿಲಿಗೆ. ಲಕ್ಕಣ್ಣ ಗಾಡಿ ಕಟ್ಟಿಕೊಂಡು ಕಡೂರು ಸ್ಟೇಷನ್ನಿನವರೆಗೆ ಬಿಟ್ಟ. ರೈಲು ತಡ. ಬಿಸಿಲೋ ಬಿಸಿಲು. ನಾನು ಸೆರಗು ತಲೆಗೆ ಹೊದ್ದು ನಿಂತಿದ್ದೆ. ಸ್ಟೇಷನ್ ಮಾಸ್ತರರು ನಿನ್ನ ತಾತನನ್ನು ಬಲ್ಲವರು. ನನ್ನನ್ನು ನೋಡಿ ಓಡಿ ಬಂದರು. "ಅಯ್ಯೋ, ನೀವ್ಯಾಕಮ್ಮ ಬಿಸಿಲಲ್ಲಿ ನಿಂತ್ರಿ? ಲೇಡೀಸ್‌ಗೆ ಅಂತ್ಲೇ ರೂಮದೆ. ಬನ್ನಿ ಒಳೀಕೆ" ಅಂದು ತಾವೇ ಬಾಗಿಲು ತೆಗೆದರು. ಬಾಗಿಲ ಮೇಲೆ ಬೋರ್ಡು. ಅದರ ಮೇಲೂ ಆ ಮಾತೇ ಇದೆಯಂತೆ, ಇಂಗ್ಲಿಷಿನಲ್ಲಿ.

ಒಳಗೆ ಬೆತ್ತದ ಕುರ್ಚಿ, ಮೇಜು, ಗೋಡೆಗೆ ಮೊರದಗಲದ ಕನ್ನಡಿ. ನನ್ನ ಮುಖವನ್ನು ಅಷ್ಟು ದೊಡ್ಡದಾಗಿ ನಾನೇ ಕಂಡಿರಲಿಲ್ಲ. ಇನ್ನೊಂದು ಕುರ್ಚಿಯ ಮೇಲೆ ಅಮಲ್ದಾರರ ಹೆಂಡತಿ ಶಕುಂತಲಮ್ಮನವರು ಕೂತಿದ್ದರು. ಕಾಲಿಗೆ ಚಡಾವು, ಮೈತುಂಬ ಜರಿ. ಆಕೆ ನನ್ನನ್ನು "ನಿಮ್ಮಂಥ ದೊಡ್ಡ ಮನೆಯವರು" ಅಂದರು. ಯಗಟಿಯ ತೆಂಗಿನಕಾಯಿಯ ಮಾತಾಡಿದರು. ರೈಲು ಇನ್ನಷ್ಟು ತಡವಾಗಿದ್ದರೂ ನನಗೆ ಬೇಸರವಿರಲಿಲ್ಲ.

ಊರಿಗೆ ಬಂದು ಹೇಳಿದರೆ ನಿನ್ನ ಚಿಕ್ಕಪ್ಪ ಷಣ್ಮುಖಪ್ಪನಿಗೆ ಹಾಸ್ಯ. "ಲೇಡಿಯೋರೇ, ಒಂದೀಟು ಮಜ್ಗೆ ಬಿಡ್ತೀರಾ?" ಅನ್ನುತ್ತಾನೆ. ಊರವರೂ ಹಿಡಿದುಕೊಂಡಿದ್ದಾರೆ. ಲಕ್ಕಣ್ಣನೊಬ್ಬ ನಗುವುದಿಲ್ಲ. ಅವನ ಮುಖ ಹುಟ್ಟಿದಾಗಿನಿಂದಲೂ ಗಂಟೇ.

ಅದಕ್ಕೇ ಕೇಳುತ್ತೇನೆ. ಲೇಡಿ ಅಂದರೆ ಯಾರು? ಯಾರಿಗೆ ಅನ್ನಬಹುದು, ಯಾರಿಗೆ ಅನ್ನಬಾರದು? ಆ ಮಾತು ಎಲ್ಲಿಂದ ಹುಟ್ಟಿತು? ಬಿಡಿಸಿ ಬರಿ. ನಗುವವರ ಬಾಯಿ ಮುಚ್ಚಿಸಬೇಕು.

ನಿನ್ನ ಅವ್ವ ಗೌರಿಹಬ್ಬಕ್ಕೆ ಅಜ್ಜಂಪುರಕ್ಕೆ ಹೋದವಳು ಇನ್ನೂ ಬಂದಿಲ್ಲ. ತವರಿನಲ್ಲಿ ನಾಲ್ಕು ದಿನ ಇರಲಿ ಬಿಡು. ನಿನ್ನ ಚಿಕ್ಕಮ್ಮನೂ ಬಾಣಂತನಕ್ಕೆ ಹೋಗಿದ್ದಾಳೆ. ಇಪ್ಪತ್ತು ವರ್ಷ ಹಿಟ್ಟು ಮುಟ್ಟದ ನಾನು ಒಲೆಯ ಮುಂದೆ ಕೂತಿದ್ದೇನೆ. ನಾನು ತಟ್ಟಿದ ರೊಟ್ಟಿ ನಿಮ್ಮ ಸ್ಕೂಲಿನ ನಕಾಶೆಯ ಹಾಗಿರುತ್ತದೆ. ಒಂದು ಮೂಲೆ ಕಡೂರಿಗೆ, ಇನ್ನೊಂದು ತರೀಕೆರೆಗೆ.

ಬೇಗ ಉತ್ತರ ಹಾಕು.

ನಿನ್ನ ಅಜ್ಜಿ
ಹುಚ್ಚಮ್ಮ

~

ಮೈಸೂರು
ತಾ. ೮-೯-೧೯೨೫

ಪ್ರೀತಿಯ ಅಜ್ಜಿಗೆ ಸಾವಿತ್ರಿಯ ನಮಸ್ಕಾರ.

ನಿನ್ನ ಕಾಗದ ಓದಿ ನಕ್ಕೆ, ಆದರೆ ಒತ್ತು ದೀರ್ಘಕ್ಕಲ್ಲ. ನಕಾಶೆಯ ರೊಟ್ಟಿಗೆ. ಹಾಸ್ಟೆಲಿನ ಹುಡುಗಿಯರಿಗೂ ಓದಿ ಹೇಳಿದೆ. ಎಲ್ಲರಿಗೂ ನಿನ್ನನ್ನು ನೋಡುವ ಆಸೆ.

ನೀನು ಕೇಳಿದ ಮಾತಿಗೆ ಬರುತ್ತೇನೆ. ಒಬ್ಬಳಾದರೆ ಲೇಡಿ, ಹಲವರಾದರೆ ಲೇಡೀಸ್. ಅವರ ದೇಶದಲ್ಲಿ ದೊಡ್ಡ ಪದವಿಯವರ ಹೆಂಡತಿಯ ಹೆಸರಿನ ಮುಂದೆ ಲೇಡಿ ಎಂದು ಸೇರಿಸುತ್ತಾರೆ. ಮನೆಯ ಯಜಮಾನಿಗೂ ಹಾಗೆನ್ನುವುದುಂಟು. ನಡತೆಗೂ ಬಳಸುತ್ತಾರೆ: ಗಟ್ಟಿಯಾಗಿ ಜಗಳ ಆಡಿದರೆ "ಅವಳು ಲೇಡಿಯಲ್ಲ" ಎನ್ನುತ್ತಾರೆ. (ನೀನು ಮುನಿಸಿಕೊಳ್ಳಬೇಡ.) ಸಭೆಯಲ್ಲಿ ಭಾಷಣ ಶುರು ಮಾಡುವವರು ಮುಂದೆ ಕೂತ ಹೆಂಗಸರನ್ನೆಲ್ಲ ಲೇಡೀಸ್ ಎಂದೇ ಕರೆಯುತ್ತಾರೆ. ಆಗ ಅದಕ್ಕೆ ಪದವಿಯೂ ಬೇಡ, ಜರಿಯೂ ಬೇಡ. ಸ್ಟೇಷನ್ನಿನ ಬೋರ್ಡಿನ ಮೇಲೂ ಅಷ್ಟೇ. ಹೆಂಗಸರು ಎಂದಷ್ಟೇ ಅರ್ಥ.

ಮಾತಿನ ಹುಟ್ಟು ನನಗೆ ತಿಳಿಯದು. ನಮ್ಮ ಇಂಗ್ಲಿಷ್ ಮೇಡಮ್ಮಿನ ಬಳಿ ದೊಡ್ಡ ನಿಘಂಟು ಇದೆ. ಕೇಳಿ ಬರೆಯುತ್ತೇನೆ.

ಅಜ್ಜಿ, ಒಂದು ಮಾತು. ಕುರ್ಚಿ ಹೇಗಿತ್ತು ಎಂದು ಬರೆದಿದ್ದೀಯೆ, ಕನ್ನಡಿ ಎಷ್ಟಗಲ ಎಂದು ಬರೆದಿದ್ದೀಯೆ, ಅಮಲ್ದಾರರ ಹೆಂಡತಿಯ ಚಡಾವು ಬರೆದಿದ್ದೀಯೆ. ಅವ್ವ ನಿನ್ನ ಜೊತೆಗೇ ಇದ್ದಳಲ್ಲ. ಅವಳು ಎಲ್ಲಿ ಕೂತಿದ್ದಳು? ಕನ್ನಡಿ ನೋಡಿ ಏನೆಂದಳು? ಅವಳು ಕುರ್ಚಿಯ ಮೇಲೆ ಕೂತಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಅದನ್ನೊಂದು ಬರಿ.

ನಿನ್ನ
ಸಾವಿತ್ರಿ

~

ಯಗಟಿ
ಭಾದ್ರಪದ ಬಹುಳ ಏಕಾದಶಿ

ಸಾವಿತ್ರಿಗೆ ಆಶೀರ್ವಾದ.

ಹೆಂಗಸರು ಎಂದಷ್ಟೇ ಅರ್ಥವಾದರೆ ಹೆಂಗಸರು ಎಂದೇ ಬರೆಯಬಹುದಿತ್ತು. ಅದಕ್ಕೆ ಬೇರೆ ಮಾತು ಇಟ್ಟಿದ್ದಾರೆ ಅಂದರೆ ಏನೋ ವ್ಯತ್ಯಾಸ ಇರಲೇಬೇಕು. ನೀನು ಇನ್ನೂ ಚೆನ್ನಾಗಿ ಓದು.

ನಿನ್ನ ಅವ್ವ ಹೊರಗೆ ಕೂತಿದ್ದಳು. ಗಂಟುಮೂಟೆ ನೋಡಿಕೊಳ್ಳಬೇಕಲ್ಲ. ಹೊರಗೆ ಗಾಳಿಯೂ ಇತ್ತು.

ಅವಳು ಇನ್ನೂ ಬಂದಿಲ್ಲ. ನಾನು ಲಕ್ಕಣ್ಣನ ಕೈಯಲ್ಲಿ ಗಾಡಿ ಕಳಿಸಿದೆ. ದೊಡ್ಡ ಎತ್ತುಗಳನ್ನೇ ಕಟ್ಟಿಸಿದೆ, ಕಮಾನು ಹಾಕಿಸಿದೆ. ಮೂರನೆಯ ದಿನ ಬರಿ ಗಾಡಿ ಬಂತು.

"ಎಲ್ಲೋ ಕೆಂಚಮ್ಮ?" ಅಂದೆ.

"ಬರಲಿಲ್ಲ ಅಮ್ಮಾವ್ರೇ."

"ಏನಂದ್ಲು?"

"ಏನೂ ಅನ್ನಲಿಲ್ಲ. ಎತ್ಗೊಳ್ಗೆ ಹುಲ್ಲು ಹಾಕ್ಸಿದ್ರು. ನಂಗೆ ಊಟ ಇಕ್ಕಿದ್ರು. ಬತ್ತೀನಿ ಅಂತ್ಲೂ ಅನ್ನಲಿಲ್ಲ, ಬರಾಕಿಲ್ಲ ಅಂತ್ಲೂ ಅನ್ನಲಿಲ್ಲ."

"ನೀನೇನಾದ್ರೂ ಬಾಯಿ ಬಿಟ್ಟೆಯಾ ಅಲ್ಲಿ?"

"ನಾನ್ಯಾಕೆ ಬಿಡ್ಲಿ?" ಅಂದು ಎತ್ತಿನ ಕಡೆ ತಿರುಗಿಕೊಂಡ. ಅವನ ಬೆನ್ನಿಗೂ ಈಗೀಗ ಗಂಟು ಬಿದ್ದಿದೆ.

ಅವಳ ತಮ್ಮ ಕಲ್ಲೇಶಪ್ಪ ಒಳ್ಳೆಯವನೇ. ಆದರೆ ತಮ್ಮನ ಮನೆಯಲ್ಲಿ ಎಷ್ಟು ದಿನ? ಜನ ಏನಂದಾರು? ಹುಚ್ಚಮ್ಮ ಗಂಡ ಸತ್ತ ಸೊಸೆಯನ್ನು ಓಡಿಸಿದಳು ಅನ್ನುವುದಿಲ್ಲವೇ? ನಾನೇ ಹೋಗೋಣವೆಂದರೆ ಮಂಡಿ ನೋವು. ನೀನೊಂದು ಕಾಗದ ಹಾಕು, ಯಗಟಿಗೆ ಹೋಗು ಅಂತ. ನೀನು ಹೇಳಿದರೆ ಕೇಳುತ್ತಾಳೆ. ದಸರಾ ರಜಕ್ಕೆ ನೀನು ಬರುವಷ್ಟರಲ್ಲಿ ಅವಳು ಮನೆಯಲ್ಲಿರಬೇಕು.

ಅವಳು ಎಲ್ಲಿ ಕೂತಿದ್ದಳು, ಏನೆಂದಳು ಅಂತ ಮತ್ತೆ ಕೇಳಬೇಡ. ಕೂತಿದ್ದು ಆಯಿತು, ಎದ್ದಿದ್ದೂ ಆಯಿತು. ಮಾತಿನ ಹುಟ್ಟು ಮಾತ್ರ ಮರೆಯದೆ ತಿಳಿದು ಬರಿ.

ಅಜ್ಜಿ
ಹುಚ್ಚಮ್ಮ

~

ಅಜ್ಜಂಪುರ
ತಾ. ೩೦-೯-೧೯೨೫

ಅಜ್ಜಿಯವರಿಗೆ ನಮಸ್ಕಾರಗಳು.

ದಸರಾ ರಜಕ್ಕೆ ನಾನು ನೇರ ಅಜ್ಜಂಪುರಕ್ಕೆ ಬಂದಿದ್ದೇನೆ. ಯಗಟಿಗೆ ಬರುವುದಿಲ್ಲ. ನೀವು ಕಾಯುತ್ತಿರಬಾರದೆಂದು ಬರೆದಿದ್ದೇನೆ.

ಅವ್ವ ನನಗೆ ಏನೂ ಹೇಳಲಿಲ್ಲ. ಏಕೆ ಬಂದೆ ಎಂದು ಕೇಳಿದರೆ "ಗೌರಿಹಬ್ಬ ಅಲ್ವಾ" ಎನ್ನುತ್ತಾಳೆ, ಮಹಾನವಮಿ ಕಳೆದ ಮೇಲೂ. ನಾನು ಬೀರೂರಿನಲ್ಲಿ ರೈಲು ಬದಲಿಸುವಾಗ ಲಕ್ಕಣ್ಣ ಸಿಕ್ಕಿದ್ದ, ಕೊಬ್ಬರಿ ಮೂಟೆ ಸಾಗಿಸಲು ಬಂದಿದ್ದನಂತೆ. ಅವನನ್ನು ಕೇಳಿದೆ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಅಳುತ್ತಾ ಹೇಳಿದ. ಅವನ ಮೇಲೆ ಕೋಪ ಮಾಡಬೇಡಿ. ಅವನು ಮೂಟೆ ಹಿಡಿದು ಬಾಗಿಲಿನ ಹತ್ತಿರವೇ ನಿಂತಿದ್ದನಂತೆ. ಅಮಲ್ದಾರರ ಹೆಂಡತಿ ಅವ್ವನನ್ನು ತೋರಿಸಿ ಯಾರು ಎಂದು ಕೇಳಿದ್ದು, ನೀವು ಹೇಳಿದ್ದು, ಎರಡನ್ನೂ ಕೇಳಿಸಿಕೊಂಡನಂತೆ. ನೀವು ಹೇಳಿದ್ದನ್ನು ಇಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ.

ನೀವು ಎರಡು ಸಲ ಕೇಳಿದ್ದರಿಂದ ಉತ್ತರ ಕೊಡುತ್ತೇನೆ. ಮೇಡಮ್ಮು ನಿಘಂಟು ತೆಗೆದು ತೋರಿಸಿದರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಲೇಡಿ ಎಂಬ ಮಾತು ಹ್ಲಾಫ್‌ದಿಗೆ ಎಂದಿತ್ತು. ಹ್ಲಾಫ್ ಎಂದರೆ ರೊಟ್ಟಿ. ದಿಗೆ ಎಂದರೆ ಹಿಟ್ಟು ನಾದುವವಳು. ಎರಡೂ ಸೇರಿ, ಜನರ ಬಾಯಲ್ಲಿ ಸವೆದು ಸವೆದು, ಲೇಡಿ ಆಯಿತು. ಹಾಗೆಯೇ ಲಾರ್ಡ್ ಎಂದರೆ ರೊಟ್ಟಿಯನ್ನು ಕಾಯುವವನು.

ಲೇಡಿ ಎಂದರೆ ರೊಟ್ಟಿಯ ಹಿಟ್ಟು ನಾದುವವಳು.

ಮತ್ತೇನೂ ಬರೆಯುವುದಿಲ್ಲ. ಅವ್ವನನ್ನು ಯಗಟಿಗೆ ಹೋಗು ಎಂದು ನಾನು ಹೇಳುವುದೂ ಇಲ್ಲ.

ಸಾವಿತ್ರಮ್ಮ

~

ಯಗಟಿ
ಆಶ್ವೀಜ ಬಹುಳ ಪಂಚಮಿ

ಸಾವಿತ್ರಿ,

ನೀನು ಎನ್ನುತ್ತಿದ್ದವಳು ನೀವು ಎಂದು ಬರೆದಿದ್ದೀಯೆ. ಅಷ್ಟು ಓದಿದಾಗಲೇ ಮುಂದಿನದು ತಿಳಿಯಿತು.

ಷಣ್ಮುಖಪ್ಪ ಊಟಕ್ಕೆ ಕೂತಿದ್ದ. "ಏನವ್ವ, ಲೇಡಿ ಅಂದ್ರೆ ಯಾರಂತೆ?" ಅಂದ. "ಗೊತ್ತಿಲ್ವಂತೆ ಕಣೋ" ಅಂದು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಹಿತ್ತಲಿಗೆ ಹೋಗಿ ಮತ್ತೆ ಓದಿದೆ. ರೊಟ್ಟಿ ಕಾಯುವವನಂತೆ! ನಮ್ಮ ಕಡೆ ಅವನಿಗೆ ರೊಟ್ಟಿ ತಿನ್ನುವವನು ಅನ್ನಬೇಕು. ಒಂದು ಗಳಿಗೆ ನಗು ಬಂತು. ಅದರ ಹಿಂದೆಯೇ ಬಂದದ್ದು ಬೇರೆ.

ಲಕ್ಕಣ್ಣ ಹೇಳಿದ್ದು ನಿಜ. ಆದರೆ ಅವನು ನೋಡಿದ್ದು ಬಾಗಿಲಿನ ಆಚೆಯಿಂದ. ಈಚೆ ಇದ್ದವಳು ನಾನು. ಬಿಡಿಸಿ ಬರೆಯುತ್ತೇನೆ.

ನಾನು ಕುರ್ಚಿಯಲ್ಲಿ ಕೂತೆ. ಹಿಂದೆಯೇ ನಿನ್ನ ಅವ್ವ ಬಂದಳು, ಕಂಕುಳಲ್ಲಿ ಬುತ್ತಿಯ ಗಂಟು, ತಲೆಯ ಮೇಲೆ ತೊಟ್ಟಿಲಿನವರಿಗೆ ಒಯ್ದ ತೆಂಗಿನಕಾಯಿಯ ಚೀಲ. ಒಂದು ಕಾಲು ಹೊಸ್ತಿಲಿನ ಒಳಗೆ ಇಟ್ಟಳು. ಆಗ ಶಕುಂತಲಮ್ಮ ಅವಳ ಕಡೆ ನೋಡಿ, "ಇವರ್ಯಾರು? ನಿಮ್ಮ ಕಡೆಯವರಾ?" ಅಂದರು.

ಅಲ್ಲಿಯವರೆಗೆ ನಾನು ಕೆಂಚಮ್ಮನನ್ನು ನನ್ನ ಕಣ್ಣಿನಿಂದ ನೋಡುತ್ತಿದ್ದೆ. ಆ ಗಳಿಗೆ ಆಕೆಯ ಕಣ್ಣಿನಿಂದ ನೋಡಿದೆ. ಬಣ್ಣ ಹೋದ ಸೀರೆ, ತೇಪೆ ಹಾಕಿದ ಕುಪ್ಪಸ, ಬರಿ ಕಾಲಿನ ಮೇಲೆ ದಾರಿಯ ಧೂಳು. ಉಗುರಿನ ಸಂದಿನಲ್ಲಿ ಒಣಗಿದ ಹಿಟ್ಟು. ಆ ಹಿಟ್ಟು ಯಾತರದ್ದು? ಕೋಳಿ ಕೂಗುವ ಮೊದಲೇ ಎದ್ದು ನನ್ನ ದಾರಿಯ ಬುತ್ತಿಗೆ ತಟ್ಟಿದ ಜೋಳದ ರೊಟ್ಟಿಯದ್ದು. ಒಳ್ಳೆಯ ಸೀರೆ ಉಟ್ಟುಕೋ ಅಂತ ನಾನೂ ಹೇಳಿರಲಿಲ್ಲ. ಅವಳಿಗೆ ಒಳ್ಳೆಯ ಸೀರೆ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

"ನಮ್ಮನೇಲಿ ರೊಟ್ಟಿ ತಟ್ಟೋಳು" ಅಂದೆ.

ಸುಳ್ಳಲ್ಲವಲ್ಲ ಅಂತ ಆಗಲೇ ಮನಸ್ಸಿಗೆ ಹೇಳಿಕೊಂಡೆ. ತಟ್ಟುವುದು ನಿಜ ತಾನೇ.

ಹೊಸ್ತಿಲಿನೊಳಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಕಲ್ಲು ಬೆಂಚಿನ ಮೇಲೂ ಅಲ್ಲ, ಮೂಟೆಗಳ ಪಕ್ಕ ನೆಲದ ಮೇಲೆ ಕೂತಳು, ಮುಖ ಕಂಬಿಯ ಕಡೆ ಮಾಡಿ. ನಾನು ತೆಂಗಿನಕಾಯಿಯ ಧಾರಣೆ ಮಾತಾಡಿದೆ. ತೆರೆದ ಬಾಗಿಲಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಕನ್ನಡಿಯಲ್ಲೂ ಅದೇ ಕಾಣುತ್ತಿತ್ತು. ನಿನಗೆ ಬರೆಯುವಾಗ ಕನ್ನಡಿಯ ಅಗಲ ಬರೆದೆ, ಇದನ್ನು ಬರೆಯಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ರೈಲು ಬಂತು. ಅವಳು ಬಾಗಿಲಿಗೆ ಬಂದು ಕಣ್ಣು ಕೆಳಗೆ ಹಾಕಿ, "ಅಮ್ಮಾವ್ರೇ, ಗಾಡಿ ಬಂತು" ಅಂದಳು. ಅತ್ತೆ ಅನ್ನಲಿಲ್ಲ. ನನ್ನ ಮಾತು ಸುಳ್ಳಾಗಬಾರದು, ಆಕೆಯ ಮುಂದೆ ನನ್ನ ಮುಖ ಉಳಿಯಬೇಕು ಅಂತ ಲಕ್ಕಣ್ಣ ಕರೆಯುವ ಹಾಗೆ ಕರೆದಳು. ಶಕುಂತಲಮ್ಮ, "ಒಳ್ಳೇ ಆಳು ಸಿಕ್ಕಿದಾಳೆ ನಿಮಗೆ" ಅಂದರು. ನಾನು "ಹೂಂ" ಅಂದೆ.

ಡಬ್ಬಿಯಲ್ಲಿ ಇಬ್ಬರೂ ಪಕ್ಕದಲ್ಲೇ ಕೂತೆವು. ಬುತ್ತಿ ಬಿಚ್ಚಿ ನನಗೆ ರೊಟ್ಟಿ ಚಟ್ನಿ ಕೊಟ್ಟಳು. "ನೀನೂ ತಿನ್ನೇ" ಅಂದೆ. "ಹಸಿವಿಲ್ಲ ಅಮ್ಮಾವ್ರೇ" ಅಂದಳು. ಅಲ್ಲಿ ಯಾವ ಅಮಲ್ದಾರರ ಹೆಂಡತಿಯೂ ಇರಲಿಲ್ಲ. ಊರಿಗೆ ಬಂದ ಮೇಲೂ ಅದೇ. ಬಿಸಿನೀರು ಕಾದಿದೆ ಅಮ್ಮಾವ್ರೇ. ಹಾಸಿಗೆ ಹಾಕಿದೀನಿ ಅಮ್ಮಾವ್ರೇ. ಗೌರಿಹಬ್ಬದವರೆಗೆ ಹಾಗೇ ನಡೆಯಿತು. ನಾನು, ಊರಿಗೆಲ್ಲ ಬಾಯಿ ಇರುವವಳು, "ಯಾಕೇ ಹಂಗೆ ಕರೀತೀಯ?" ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಅಂತ ಹೆದರಿಕೆ.

ಇಂಗ್ಲಿಷರು ಸಾವಿರ ವರ್ಷದಲ್ಲಿ ಹಿಟ್ಟನ್ನು ಮರೆತು ಬಾಗಿಲಿಗೆ ಬೋರ್ಡು ಹೊಡೆದರು. ನಾನು ಆ ಬೋರ್ಡಿನ ಕೆಳಗೆ ಅರ್ಧ ಗಳಿಗೆಯಲ್ಲಿ ಮರೆತೆ.

ಇದನ್ನು ನಿನ್ನ ಅವ್ವನಿಗೆ ಓದಿ ಹೇಳಬೇಡ. ಅವಳಿಗೆ ಹೇಳಬೇಕಾದವಳು ನಾನು.

ಹುಚ್ಚಮ್ಮ

~

ಯಗಟಿ
ಕಾರ್ತಿಕ ಶುದ್ಧ ಅಷ್ಟಮಿ

ಸಾವಿತ್ರಿಗೆ,

ನೀನು ಉತ್ತರ ಹಾಕಲಿಲ್ಲ. ಹಾಕಬೇಕೆಂದು ಇದನ್ನು ಬರೆಯುತ್ತಿಲ್ಲ. ಆದದ್ದನ್ನು ತಿಳಿಸಬೇಕು, ಅಷ್ಟೇ.

ದೀಪಾವಳಿ ಕಳೆದ ಮೇಲೆ ಕಡೂರಿಗೆ ಹೋದೆ. ಎಲ್ಲಿ ಸುಳ್ಳಾಡಿದೆನೋ ಅಲ್ಲಿಂದಲೇ ತಿದ್ದಿಕೊಂಡು ಬರಬೇಕು ಅನ್ನಿಸಿತು. ಅಮಲ್ದಾರರ ಮನೆಯ ಜಗಲಿಯ ಮೇಲೆ ಬಹಳ ಹೊತ್ತು ಕೂತೆ. ಕೊನೆಗೆ ಶಕುಂತಲಮ್ಮ ಹೊರಗೆ ಬಂದರು.

"ಏನಮ್ಮ, ಖಾತೆ ವಿಷಯಾನಾ? ಯಜಮಾನರು ಕಚೇರೀಲಿದಾರೆ."

"ಖಾತೆ ಅಲ್ಲ ತಾಯಿ. ಶ್ರಾವಣದಲ್ಲಿ ಸ್ಟೇಷನ್‌ನಲ್ಲಿ ಕೂತಿದ್ವಲ್ಲ, ಯಗಟಿಯೋಳು ನಾನು. ಬಾಗ್ಲಲ್ಲಿ ಒಬ್ಳು ಬಂದು ನಿಂತ್ಲಲ್ಲ, ಗಂಟು ಹಿಡ್ಕೊಂಡು. ಅವ್ಳು ಆಳಲ್ಲ. ನನ್ನ ಸೊಸೆ. ಸತ್ತ ನನ್ನ ದೊಡ್ಡ ಮಗನ ಹೆಂಡ್ತಿ."

ಆಕೆ ಹುಬ್ಬು ಗಂಟು ಹಾಕಿ ನೆನೆಸಿಕೊಂಡರು. "ಯಾವ ಸ್ಟೇಷನ್? ಯಾರು ನಿಂತಿದ್ರು?" ಮತ್ತೆ ಹೇಳಿದೆ. ತೆಂಗಿನ ಧಾರಣೆಯನ್ನೂ ನೆನಪಿಸಿದೆ. ಆಕೆಗೆ ಕೆಂಚಮ್ಮನೂ ನೆನಪಿಲ್ಲ, ನಾನೂ ನೆನಪಿಲ್ಲ. "ಇಷ್ಟು ಹೇಳೋಕೆ ಯಗಟಿಯಿಂದ ಬಂದ್ರಾ? ಒಳ್ಳೇ ಅಜ್ಜಿ!" ಅಂದು ನಕ್ಕು ಎಲೆ ಅಡಿಕೆ ಕೊಡಿಸಿದರು. ಯಾರ ಕಣ್ಣಿಗೆ ದೊಡ್ಡವಳಾಗಿ ಕಾಣಲೆಂದು ಮನೆಯವಳನ್ನು ಆಚೆ ಹಾಕಿದೆನೋ, ಆ ಕಣ್ಣಿನಲ್ಲಿ ನಾನು ಇರಲೇ ಇಲ್ಲ ಸಾವಿತ್ರಿ. ಆ ಎಲೆ ಅಡಿಕೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಸ್ಟೇಷನ್ನಿಗೆ ನಡೆದೆ. ಆಳುಗಳಿಗೆ ಕೊಟ್ಟ ಹಾಗೆ ಕೊಟ್ಟಿದ್ದರು, ನಾನೂ ಹಾಗೇ ಇಸಿದುಕೊಂಡಿದ್ದೆ.

ಅಲ್ಲಿಂದ ಅಜ್ಜಂಪುರ. ನೀನು ಆಗಲೇ ಮೈಸೂರಿಗೆ ಹೋಗಿದ್ದೆಯಂತೆ.

ನಾನು ಹೋದಾಗ ಕೆಂಚಮ್ಮ ಊಟಕ್ಕೆ ಕೂತಿದ್ದಳು. ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದಾಳೆ, ಕಲ್ಲೇಶಪ್ಪನ ಹೆಂಡತಿ ಬಡಿಸುತ್ತಿದ್ದಾಳೆ. ಅವಳು ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಅವಳು ಯಾವಾಗ ತಿನ್ನುತ್ತಿದ್ದಳು, ಏನು ಉಳಿದಿರುತ್ತಿತ್ತು, ಯೋಚಿಸಿದರೆ ನೆನಪೇ ಬರುವುದಿಲ್ಲ. ಮೆಣಸಿನಕಾಯಿ ಚಟ್ನಿಗೆ ಮೊಸರು ಕಲಸಿಕೊಂಡು ತಿನ್ನುತ್ತಾಳೆ. ಅದೂ ನನಗೆ ಗೊತ್ತಿರಲಿಲ್ಲ.

ನನ್ನನ್ನು ನೋಡಿ ಏಳಲಿಲ್ಲ. ಎಡಗೈ ನೆಲಕ್ಕೆ ಊರಿದಳು, ಏಳುವವಳ ಹಾಗೆ. ಮತ್ತೆ ಕೈ ತೆಗೆದು ತುತ್ತು ಮುರಿದಳು.

ಕೂತು ಹೇಳುವ ಮಾತಲ್ಲ ಅಂತ ನಿಂತೇ ಹೇಳಿದೆ. ಕಲ್ಲೇಶಪ್ಪ, ಅವನ ಹೆಂಡತಿ, ನೀರಿಗೆ ಬಂದಿದ್ದ ಪಕ್ಕದ ಮನೆಯವಳು, ಎಲ್ಲರ ಮುಂದೆ. "ಕೆಂಚಮ್ಮ, ನಾನು ಅವತ್ತು ಆಕೆ ಮುಂದೆ ನೀನು ಸೊಸೆ ಅನ್ನಲಿಲ್ಲ. ನಾಚಿಕೆ ಆಯ್ತು ನಂಗೆ ನಿನ್ನ ಸೀರೆ ನೋಡಿ. ಇವತ್ತು ಹೋಗಿ ಹೇಳಿ ಬಂದೆ, ಅವ್ಳು ನನ್ನ ಸೊಸೆ ಅಂತ."

ಅವಳು ಬಾಯಲ್ಲಿದ್ದುದನ್ನು ನುಂಗಿ ನೀರು ಕುಡಿದಳು. ಕೋಪವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಆಯಮ್ಮಂಗೆ ಹೇಳಿದ್ರಾ? ಸರಿ. ನಂಗ್ಯಾಕೆ ಹೇಳ್ತೀರಿ? ನಾನು ಸೊಸೆ ಅಂತ ನಂಗೆ ಗೊತ್ತಿತ್ತು. ನಿಮ್ಗೇ ಗೊತ್ತಿರಲಿಲ್ಲ."

ಕಲ್ಲೇಶಪ್ಪ ಅಡ್ಡ ಬಂದ. "ಅಕ್ಕಾ, ಹಂಗನ್ಬ್ಯಾಡ ಕಣೇ, ದೊಡ್ಡೋರು."

"ದೊಡ್ಡೋರೇ ಕಣೋ. ನಾನೇನು ಚಿಕ್ಕೋರು ಅಂದ್ನಾ?"

ಪಕ್ಕದ ಮನೆಯವಳು ಕೊಡ ಎತ್ತಿಕೊಂಡು ಹೊರಟಳು, ಕಿವಿಯನ್ನು ಇಲ್ಲೇ ಬಿಟ್ಟು. ನಾನು "ಮನೆಗೆ ಬಾ" ಅಂದೆ. ಅವಳು, "ಸಾವಿತ್ರಿ ಎಲ್ಲಿರ್ತಾಳೋ ಅಲ್ಲಿಗೆ ಹೋಗ್ತೀನಿ. ಅಲ್ಲೀಗಂಟ ಇಲ್ಲೇ ಇರ್ತೀನಿ" ಅಂದಳು. ಅಷ್ಟೇ. ಆಮೇಲೆ ಮಜ್ಜಿಗೆಗೆ ಉಪ್ಪು ಕೇಳಿದಳು, ನನ್ನನ್ನಲ್ಲ, ನಾದಿನಿಯನ್ನು.

ನನಗೂ ಊಟಕ್ಕೆ ಹಾಕಿದರು. ತಿಂದೆ. ಬೇಡ ಅಂದರೆ ಅದೂ ಒಂದು ಜಂಭ ಆಗುತ್ತಿತ್ತು.

ಲಕ್ಕಣ್ಣನಿಗೆ ಏನೂ ಅಂದಿಲ್ಲ. ಹೊಸ ಪಂಚೆ ಕೊಡಿಸಿದೆ.

ಹುಚ್ಚಮ್ಮ

~

ಮೈಸೂರು
ತಾ. ೫-೧೨-೧೯೨೫

ಅಜ್ಜಿಗೆ ನಮಸ್ಕಾರ.

ಎರಡು ಕಾಗದವೂ ತಲುಪಿದವು. ಉತ್ತರ ಬರೆಯಲು ಕೂತು ಬಹಳ ಸಲ ಎದ್ದಿದ್ದೇನೆ.

ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಆಗಿದೆ. ಸಂಕ್ರಾಂತಿಗೆ ಮೊದಲೇ ಸೇರಬೇಕು. ಒಂದು ಮನೆ ಗೊತ್ತುಮಾಡಿದ್ದೇನೆ. ಅವ್ವ ನನ್ನ ಜೊತೆ ಇರುತ್ತಾಳೆ.

ಹೋಗುವ ಮೊದಲು ತನ್ನ ಟ್ರಂಕು ತೆಗೆದುಕೊಳ್ಳಲು ಅವ್ವ ಯಗಟಿಗೆ ಬರುತ್ತಾಳಂತೆ. ನಾನು ಹೇಳಿಕೊಟ್ಟದ್ದಲ್ಲ. ಮಾವ ಹೋಗಿ ತರುತ್ತೇನೆ ಎಂದರೂ ಒಪ್ಪಲಿಲ್ಲವಂತೆ. ಏಕೆ ಎಂದು ನನಗೆ ಗೊತ್ತಿಲ್ಲ. ನೀನು ಅವಳನ್ನು ಇರು ಎಂದು ಬಲವಂತ ಮಾಡಬೇಡ.

ನಿನ್ನ ಮಂಡಿ ಹೇಗಿದೆ?

ಸಾವಿತ್ರಿ

~

ಯಗಟಿ
ಪುಷ್ಯ ಶುದ್ಧ ತ್ರಯೋದಶಿ

ಸಾವಿತ್ರಿಗೆ ಆಶೀರ್ವಾದ.

ಮತ್ತೆ ನೀನು ಎಂದು ಬರೆದಿದ್ದೀಯೆ. ಕೈ ತಪ್ಪಿ ಬಂದಿದ್ದರೂ ಇರಲಿ, ತಿದ್ದಬೇಡ.

ನಿನ್ನ ಅವ್ವ ನಿನ್ನೆ ಬಂದು ಹೋದಳು. ಕಲ್ಲೇಶಪ್ಪ ಗಾಡಿ ಹೊಡೆದುಕೊಂಡು ಬಂದಿದ್ದ. ಬೆಳಗ್ಗೆ ಬಂದವರು ಬಿಸಿಲು ಇಳಿಯುವ ಮೊದಲೇ ಹೊರಟರು. ನಾನು ಬಲವಂತ ಮಾಡಲಿಲ್ಲ.

ಹೊಸ ನೀಲಿ ಸೀರೆ ಉಟ್ಟಿದ್ದಳು. ಹೊಸ್ತಿಲ ಹೊರಗೆ ನಿಂತು ಕಾಲು ತೊಳೆಯಲು ನೀರಿಗೆ ಕಾದಳು, ನೆಂಟರ ಹಾಗೆ. ಇದೇ ಮನೆಯ ಬಾವಿಯಿಂದ ಇಷ್ಟು ವರ್ಷ ನೀರು ಸೇದಿದವಳು. ನಾನೇ ಚೊಂಬು ತಂದಿಟ್ಟೆ. ನಿನ್ನ ಚಿಕ್ಕಪ್ಪ ಮಾತಾಡಿಸಿದ, ಲಕ್ಕಣ್ಣ ಮಾತಾಡಿಸಿದ, ಎಮ್ಮೆಯೂ ಕೂಗಿತು. ಎಲ್ಲರಿಗೂ ಉತ್ತರ ಕೊಟ್ಟಳು. ನನ್ನ ಜೊತೆಯೂ ಮಾತಾಡಿದಳು. ಆದರೆ ಏನೂ ಕರೆಯದೆ ಮಾತಾಡಿದಳು. ಅತ್ತೆಯೂ ಇಲ್ಲ, ಅಮ್ಮಾವ್ರೂ ಇಲ್ಲ. "ಮಂಡಿ ಹೆಂಗದೆ?" ಅಂದಳು. "ಹಂಗೇ ಅದೆ" ಅಂದೆ.

ಟ್ರಂಕಿನಲ್ಲಿ ಹೆಚ್ಚೇನೂ ಇರಲಿಲ್ಲ. ನಿನ್ನ ಅಪ್ಪನ ಒಂದು ರುಮಾಲು, ನೀನು ಕೂಸಾಗಿದ್ದಾಗಿನ ಕುಲಾವಿ, ಎರಡು ಸೀರೆ. ಅಷ್ಟು ಹಗುರ ಟ್ರಂಕನ್ನು ಲಕ್ಕಣ್ಣ ಎರಡು ಕೈಯಲ್ಲಿ ಹಿಡಿದುಕೊಂಡು ಹೋದ.

ಅಡಿಗೆ ನಾನೇ ಮಾಡಿದ್ದೆ. ಗೌರಿಹಬ್ಬದಿಂದ ದಿನವೂ ತಟ್ಟುತ್ತಿದ್ದೇನೆ. ನಿನ್ನ ಚಿಕ್ಕಮ್ಮ ಮಗು ಎತ್ತಿಕೊಂಡು ಬಂದ ಮೇಲೂ ಹಿಟ್ಟನ್ನು ಅವಳ ಕೈಗೆ ಬಿಟ್ಟಿಲ್ಲ. ಎಸರು ಹದವಾಗಿ ಕಾಯಬೇಕು, ಹಿಟ್ಟು ಬಿಸಿ ಇರುವಾಗಲೇ ನಾದಬೇಕು, ಅಂಗೈ ಸುಟ್ಟರೂ ಬಿಡಬಾರದು. ಬಿಟ್ಟರೆ ಅಂಚು ಸೀಳುತ್ತದೆ. ಇಷ್ಟು ತಿಳಿಯಲು ಎರಡು ತಿಂಗಳಾಯಿತು. ತಿಳಿದ ಮೇಲೂ ನಿನ್ನೆಯ ರೊಟ್ಟಿಯ ಅಂಚು ಸೀಳಿತು. ಒಂದು ಕಡೆ ಕರಕಲು ಬೇರೆ.

ಅವಳು ಒಲೆಯ ಕಡೆ ಹೋದಳು, ಅಭ್ಯಾಸ. "ಕೂತ್ಕೋ" ಅಂದೆ. ಕೂತಳು. ನಡುಮನೆಯಲ್ಲಿ ಮಣೆ ಹಾಕಿದ್ದೆ. ಬಡಿಸಿದೆ. ಮೆಣಸಿನಕಾಯಿ ಚಟ್ನಿಯ ಪಕ್ಕ ಮೊಸರಿಟ್ಟೆ. ಅದನ್ನು ನೋಡಿದಳು, ಕಲಸಿಕೊಂಡಳು. ನಿಧಾನವಾಗಿ ತಿಂದಳು, ಕರಕಲನ್ನೂ ಬಿಡದೆ. ತಿಂದು, "ರೊಟ್ಟಿ ಚೆನ್ನಾಗದೆ" ಅಂದಳು.

ಹಂಗಿಸಲಿಕ್ಕೆ ಅಂದದ್ದಲ್ಲ ಸಾವಿತ್ರಿ. ಹಂಗಿಸಿದ್ದರೆ ನನಗೆ ತಿಳಿಯುತ್ತಿತ್ತು, ನಾನೇ ಹಂಗಿಸುವುದರಲ್ಲಿ ಪಳಗಿದವಳು. ಮಾಡಿದವರಿಗೆ ಹೇಳಬೇಕಾದ ಮಾತು ಅಂತ ಹೇಳಿದಳು. ಇಪ್ಪತ್ತು ವರ್ಷ ನಾನು ಅವಳ ಕೈಯ ರೊಟ್ಟಿ ತಿಂದೆ. ದಪ್ಪ ಆಯ್ತು, ಬಿರುಸಾಯ್ತು, ಉಪ್ಪು ಹತ್ತಲಿಲ್ಲ ಅಂದಿದ್ದೇನೆ. ಚೆನ್ನಾಗಿದೆ ಅಂದದ್ದಿಲ್ಲ.

ಊಟವಾದ ಮೇಲೆ ತಟ್ಟೆ ಎತ್ತಲು ಬಗ್ಗಿದಳು. ನಾನು ಕೈ ಅಡ್ಡ ಇಟ್ಟೆ. ಸೊಸೆಯ ಎಂಜಲು ತಟ್ಟೆಯನ್ನು ಅತ್ತೆ ಎತ್ತುವುದುಂಟೇ ಅಂತ ಬೇರೆ ಯಾರಾದರೂ ಆಗಿದ್ದರೆ ಕಿತ್ತುಕೊಳ್ಳುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ತಟ್ಟೆ ಹಿತ್ತಲಿಗೆ ಒಯ್ದು ತೊಳೆದೆ. ಒಂದು ತಟ್ಟೆ ತೊಳೆಯಲು ಎಷ್ಟು ಹೊತ್ತು ಬೇಕು? ನಾನು ಬೇಕೆಂದೇ ತಡ ಮಾಡಿದೆ. ಹೊರಗೆ ಗಾಡಿಗೆ ಎತ್ತು ಹೂಡುವ ಸದ್ದು ಕೇಳಿತು. ಕಲ್ಲೇಶಪ್ಪ "ಹೋಗಾನಾ ಅಕ್ಕ?" ಅಂದದ್ದು ಕೇಳಿತು. ಹೊರಟುಹೋಗಲಿ, ನನ್ನ ಈ ಮುಖ ಯಾರಿಗೂ ಕಾಣದೆ ಇರಲಿ ಅಂತ ಬೂದಿ ಹಾಕಿ ಮತ್ತೆ ಉಜ್ಜಿದೆ. ಸದ್ದು ನಿಂತಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ.

ಗಾಡಿ ಅಂಗಳದಲ್ಲೇ ಇತ್ತು. ಅವಳು ಕಮಾನಿನೊಳಗೆ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಳು. ನಾನು ಜಗಲಿಯ ಮೇಲೆ ಬಂದು ನಿಂತದ್ದನ್ನು ನೋಡಿ, ತಮ್ಮನಿಗೆ "ಹೂಂ, ಈಗ ಹೊಡಿ" ಅಂದಳು.

ನಿನ್ನ ಅಜ್ಜಿ
ಹುಚ್ಚಮ್ಮ